ಸೆರಗಿನ ಗಂಟಿನಲ್ಲಿ ಗಿರಾಕಿಯ ವಾಚು

ಅಣ್ಣ ತೀರಿಕೊಂಡನೆಂದು ಕೇಳಿ ಜಯಲತಾ ವಿಠ್ಠಲವಾಡಿಯ ಅವನ ಮನೆಗೆ ಓಡಿ ಬಂದಾಗ ಮಗ ಅಕ್ಷಿತ್ ಆಗಲೇ ಅಲ್ಲಿದ್ದ. ಮಕ್ಕಳಿಲ್ಲದ ಅಣ್ಣನಿಗೆ ಬೆಂಕಿ ಇಡಬೇಕಾದವನು ಸೋದರಳಿಯನಾದ ಅವನೇ. ಅವನನ್ನು ಸಾಕಿ ಓದಿಸಿದ್ದೂ ಆ ಮಾಮನೇ. ಆದರೆ ಮಗರಾಯ ಅಮ್ಮನನ್ನು ಮೂಲೆಗೆ ಎಳೆದದ್ದು ಬೇರೆಯೇ ವಿಷಯಕ್ಕೆ.

“ಅಮ್ಮ, ಇದು ರಿಪೇರಿಗೆ ಬಂದ ಗಿರಾಕಿಯ ವಾಚು, ಭಾರೀ ಬೆಲೆಯದ್ದು. ಸರಿ ಓಡ್ತದಾ ಅಂತ ಕೈಗೆ ಕಟ್ಟಿದ್ದೆ, ಫೋನ್ ಬಂತು, ಹಾಗೇ ಬಂದುಬಿಟ್ಟೆ. ನೀರು ತಡೆಯುವ ರಬ್ಬರ್ ರಿಂಗ್ ಇನ್ನೂ ಹಾಕಲಿಲ್ಲ. ಒಂದು ಹನಿ ಒಳಗೆ ಹೋದ್ರೂ ನನ್ನ ನೌಕರಿ ಹೋಯ್ತು. ನನ್ನನ್ನೀಗ ಸ್ನಾನಕ್ಕೆ ಕರೀತಿದ್ದಾರೆ.”

ನೌಪಾಡಾದ ಆ ವಾಚಿನಂಗಡಿಯ ಕೆಲಸಕ್ಕೆ ಅವನು ಪಟ್ಟ ಪಾಡು ಅವಳಿಗೆ ಗೊತ್ತಿತ್ತು. ವಾಚನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊರಗೆ ಜಡಿಮಳೆ, ಒಳಗೆ ಸೋರುವ ಛಾವಣಿ, ಬಂದವರೆಲ್ಲರ ಒದ್ದೆ ಕೊಡೆ. ನೀರಿಗೆ ಇಷ್ಟು ಹೆದರಿದ್ದು ಅವಳ ಜನ್ಮದಲ್ಲೇ ಇಲ್ಲ. ಅಣ್ಣನ ಬಾಯಿಗೆ ನೀರು ಬಿಡುವಾಗಲೂ ಎಡಗೈ ಸೊಂಟದ ಮೇಲೇ ಇತ್ತು.

ಹೆಣ ಎತ್ತಿದ್ದೇ ತಡ, ಹೆಂಗಸರು ಬಚ್ಚಲಿಗೆ ನಡೆದರು. ದೊಡ್ಡಮ್ಮನ ಮಗಳು ಸುಗುಣಕ್ಕ ಕೊಡಪಾನ ಹಿಡಿದು ನಿಂತಿದ್ದಳು.

“ಬಾ ಜಯಾ, ಉಟ್ಟ ಸೀರೆಯಲ್ಲೇ ತಲೆಗೆ ನೀರು ಹಾಕ್ಕೋ.”

ಜಯಲತಾ ಸೊಂಟದ ಗಂಟನ್ನು ಅವುಚಿ ಹಿಡಿದಳು. ಮನೆ ತುಂಬ ಗುರುತಿಲ್ಲದ ಜನ. ಗಂಡನನ್ನು ಕಳಕೊಂಡ ಅತ್ತಿಗೆಯ ಹತ್ತಿರ ಈ ಹೊತ್ತಲ್ಲಿ ವಾಚು ಇಡಲು ಕಪಾಟಿನ ಕೀ ಕೇಳುವುದು ಹೇಗೆ?

“ನನಗೆ ಜ್ವರ, ಅಕ್ಕ.”

“ಒಡಹುಟ್ಟಿದವನಿಗಿಂತ ನಿನ್ನ ಜ್ವರ ದೊಡ್ಡದಾಯ್ತಾ?” ಸುಗುಣಕ್ಕ ಕೊಡಪಾನ ಎತ್ತಿಯೇ ಬಿಟ್ಟಳು.

“ಬೇಡ ಅಂದ್ರೆ ಬೇಡ!” ಜಯಲತಾ ಕಿರುಚಿ ಗೋಡೆಗೆ ಆತುಕೊಂಡಳು. ಅವಳು ಆಚೆ ಹೋದದ್ದೇ ಹೆಂಗಸರು ಬಾಯಿಗೆ ಬಂದದ್ದು ಆಡಿಕೊಂಡರು. ಎಲ್ಲವೂ ಅವಳ ಕಿವಿಗೆ ಬಿತ್ತು.

ಸಂಜೆ ಅಕ್ಷಿತ್ ಒದ್ದೆ ಪಂಚೆಯಲ್ಲಿ, ಕೂದಲಿಂದ ನೀರಿಳಿಸುತ್ತ ಬಂದ. “ಅಮ್ಮಾ” ಎಂದು ಎರಡೂ ಕೈ ಚಾಚಿ ಅವಳತ್ತ ನುಗ್ಗಿದ.

“ಹತ್ತಿರ ಬರಬೇಡ!” ಅವನ ಎದೆಗೆ ಕೈಕೊಟ್ಟು ದೂಡಿದಳು. ಗಂಟು ಬಿಚ್ಚಿ ವಾಚನ್ನು ತೋರಿಸಿದಳು. “ನೋಡು, ಒಂದು ಹನಿ ತಾಗಲಿಲ್ಲ.”

ಅವನು ಅದರ ಕಡೆ ನೋಡಲೇ ಇಲ್ಲ. “ಮಾಮನನ್ನು ಸುಟ್ಟು ಬಂದೆ, ಅಮ್ಮ” ಎಂದು ಬಾಗಿಲಲ್ಲೇ ಕುಸಿದು ಕೂತು ಅಳತೊಡಗಿದ.

ಬೆಳಗಿನಿಂದ ವಾಚಿಗಾಗಿ ನಡುಗಿದ ತಾನು ಅಣ್ಣನಿಗಾಗಿ ಇನ್ನೂ ಅತ್ತೇ ಇಲ್ಲ ಎಂದು ಜಯಲತಾಳಿಗೆ ಆಗ ಹೊಳೆಯಿತು. ಮಗನನ್ನು ಅಪ್ಪಿಕೊಳ್ಳಬೇಕೆನಿಸಿತು. ಆದರೆ ವಾಚು ಅವಳ ಕೈಯಲ್ಲಿತ್ತು, ಅವನ ಮೈಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.