ಬೀಡಿ ಹಚ್ಚೋ ಮೊದಲು

ಬೀಡಿ ಹಚ್ಚುವ ಮೊದಲು ಫೋನಿನಲ್ಲಿ ಗುಂಡಿ ಒತ್ತಬೇಕು, ಯಾಕೆ ಸೇದಬೇಕನಿಸಿತು ಅಂತ ಬಾಯಿಬಿಟ್ಟು ಹೇಳಬೇಕು. ಆಮೇಲೆ ಬೇಕಾದರೆ ಸೇದು! ಹಾಗೆ ಹೇಳಿ ಸೇದಿದ್ದಷ್ಟನ್ನೇ ಎಣಿಸಿ ಪರದೆಯ ಮೇಲೆ ತೋರಿಸುತ್ತದೆ. ಈ ಆ್ಯಪ್ ಹಾಕಿಕೊಟ್ಟವನು ಸಿದ್ದೇಶ. ಅವನೂ ಮುನಾಫನೂ ಬ್ಯಾಡಗಿ ಮಾರ್ಕೆಟ್ಟಿನಿಂದ ಮೆಣಸಿನಕಾಯಿ ಚೀಲ ಸಾಗಿಸುವ ಗಾಡಿಗಳ ಡ್ರೈವರುಗಳು. ಇಬ್ಬರೂ ಕೂಡಿಯೇ ಬೀಡಿ ಬಿಡೋಣ, ಒಬ್ಬ ಹೇಳಿದ್ದು ಇನ್ನೊಬ್ಬನ ಫೋನಿಗೆ ಹೋಗಲಿ, ಮೂರನೆಯವರ ಕಿವಿಗೆ ಮಾತ್ರ ಬೀಳಬಾರದು ಅಂತ ಮಾತಾಗಿತ್ತು.

ಮುನಾಫನಿಗೆ ಅವಸರವಿತ್ತು. ಹೆಂಡತಿ ಬೇನಜೀರ ಹೆರಿಗೆಗೆಂದು ಹಾವೇರಿಯ ತವರಿಗೆ ಹೋಗಿದ್ದಳು. "ಕೂಸು ಮನಿಗೆ ಬರೂದ್ರಾಗ ಬಿಟ್ಟಿರಬೇಕು ನೋಡ್ರಿ," ಅಂದಿದ್ದಳು.

ಅಚ್ಚರಿಯೆಂದರೆ, ಹೇಳುತ್ತ ಹೇಳುತ್ತ ಬೀಡಿ ಕಮ್ಮಿಯಾಗತೊಡಗಿತು. 'ಗಾಡಿ ಲೋಡ್ ಆಗೂತನಕಾ ಖಾಲಿ ಕುಂತೇನಿ, ಅದಕ್ಕ' ಅಂತ ಹೇಳಿದರೆ ಅವನಿಗೇ ನಗು ಬರುತ್ತಿತ್ತು. ಬೀಡಿ ವಾಪಸ್ ಕಿಸೆಗೆ. ನಗು ಬಾರದಿದ್ದಾಗ ಸೇದುತ್ತಿದ್ದ. ದಿನಾ ಸಂಜೆ ಬೇನಜೀರ ಫೋನ್ ಮಾಡಿ "ಇವತ್ತ ಎಷ್ಟ್ರೀ?" ಅಂದರೆ ಪರದೆ ನೋಡಿ ಇದ್ದದ್ದನ್ನು ಇದ್ದ ಹಾಗೆ ಓದುತ್ತಿದ್ದ.

ಒಂದು ದಿನ ಬೆಳಿಗ್ಗೆ, ಇನ್ನೂ ಒಂದೂ ಹಚ್ಚದೆ, ಮಾರ್ಕೆಟ್ಟಿನ ಚಹಾದಂಗಡಿಗೆ ಬಂದರೆ ಒಳಗೆ ತನ್ನದೇ ದನಿ!

"ಬೇನಜೀರಾನ ಹೆರಿಗಿ ನೆನಸ್ಕೊಂಡ್ರ ಕೈಕಾಲು ನಡಗ್ತಾವ... ಆಕಿಗೇನರ ಆದ್ರ ನಾ ಏನ್ ಮಾಡ್ಲಿ... ಅದಕ್ಕ ಒಂದು."

ಹಮಾಲರು ಬಿದ್ದು ಬಿದ್ದು ನಗುತ್ತಿದ್ದರು. ನಡುವೆ ಫೋನ್ ಎತ್ತಿ ಹಿಡಿದು ನಿಂತವನು ಸಿದ್ದೇಶ. ಇನ್ನೊಂದು ಕೈಯಲ್ಲಿ ಉರಿಯುವ ಬೀಡಿ.

"ಹಡಿಯಾಕಿ ಆಕಿ, ಬ್ಯಾನಿ ಇಂವಗ!" ಹಮಾಲ ಜಟ್ಟೆಪ್ಪ ಕೂಗಿದ.

ಮುನಾಫನನ್ನು ಕಂಡು ಸಿದ್ದೇಶ ಹಲ್ಲು ಕಿರಿದ. "ಬಾರಲೇ ದೋಸ್ತಾ. ಸುಮ್ನ ಚ್ಯಾಷ್ಟಿಗೆ ಹಚ್ಚಿದ್ನಿ."

"ನಿನ್ನ ಕಡಿಂದ ನನ್ನ ಫೋನಿಗೆ ಒಂದೂ ಬರ್ತಿರಲಿಲ್ಲ. ಬಿಟ್ಟೀ ಅಂದ್ಕೊಂಡಿದ್ನಲ್ಲೋ ನಾ..."

"ಬಿಟ್ಟೆ ಮಾರಾಯಾ. ಗುಂಡಿ ಒತ್ತೋದು ಬಿಟ್ಟೆ!"

ಮತ್ತೆ ನಗೆಯೆದ್ದಿತು. ಮುನಾಫ ಗಾಡಿಗೆ ಹೋಗಿ ಕುಳಿತ. ಬೀಡಿ ತೆಗೆದ. ರೂಢಿಗೆ ಬೆರಳು ತಾನೇ ಪರದೆಯ ಮೇಲೆ ಹೋಯಿತು. ಯಾಕೆ ಅಂತ ಕೇಳಿತು ಆ್ಯಪ್. ಹೇಳಲು ಅವನ ಹತ್ತಿರ ಬೇಕಾದಷ್ಟಿತ್ತು, ಆದರೆ ಹೇಳಿದ್ದೆಲ್ಲ ಸಿದ್ದೇಶನ ಫೋನಿಗೇ ಹೋಗುತ್ತಿತ್ತು. ಫೋನನ್ನು ಪಕ್ಕದ ಸೀಟಿಗೆ ಎಸೆದು ಹಚ್ಚಿದ. ಅದರ ಕೆಂಡದಿಂದ ಇನ್ನೊಂದು. ಕಟ್ಟು ಮುಗಿಯುವ ತನಕ ಸೇದಿದ.

ಸಂಜೆ ಬೇನಜೀರಳ ಫೋನ್. "ಇವತ್ತ ಎಷ್ಟ್ರೀ?"

ಪರದೆಯ ಮೇಲೆ ಇದ್ದದ್ದನ್ನೇ ಮುನಾಫ ಓದಿದ. "ಸೊನ್ನಿ."

"ಖರೇನ? ಅಮ್ಮೀ, ಇಲ್ಲಿ ಬಾ ಲಗೂ, ಇವ್ರು ಬಿಟ್ರಂತ!" ಅವಳ ದನಿ ಅಳುವಂತಿತ್ತು, ನಗುವಂತಿತ್ತು. ಮನೆಮಂದಿಗೆಲ್ಲ ಕೂಗಿ ಕೂಗಿ ಹೇಳತೊಡಗಿದಳು.

ಮುನಾಫ ಅವಳನ್ನು ತಡೆಯಲಿಲ್ಲ.