ಇಲ್ಲದ ಕನ್ನಡಕದ ಡಬ್ಬಿ

ಮಧ್ಯಾಹ್ನವಾದರೆ ಸಾಕು, ಪಾದ್ರಿಯವರ ಕೈ ನಡುಗುತ್ತಿತ್ತು. ಹಾಗಾಗಿ ಬೆಳಿಗ್ಗೆಯೇ ಹತ್ತು ಖಾಲಿ ಹಾಳೆಗಳ ಬುಡದಲ್ಲಿ ಸಹಿ ಹಾಕಿಟ್ಟು, ಆಮೇಲೆ ದಿನವಿಡೀ ಬಾಯಲ್ಲಿ ಹೇಳುತ್ತಿದ್ದರು. ಸಹಿಯ ಮೇಲಿನ ಜಾಗವನ್ನು ಚರ್ಚಿನ ಟೈಪಿಸ್ಟ್ ತುಂಬುತ್ತಿದ್ದಳು. ಹದಿನಾಲ್ಕು ವರ್ಷ ಹೀಗೇ ನಡೆಯಿತು. ಅವರು ತೀರಿಕೊಂಡ ದಿನ ಡ್ರಾಯರಿನಲ್ಲಿ ಸಹಿಯಾದ ಒಂದು ಹಾಳೆ ಉಳಿದಿತ್ತು.

ಟೈಪಿಸ್ಟ್ ಅದನ್ನು ಹರಿದುಹಾಕಬೇಕಿತ್ತು. ಹರಿಯಲಿಲ್ಲ. ಗಂಟೆ ಹೊಡೆಯುತ್ತಿದ್ದವನ ವಿಧವೆ, ಎಲ್ಲರ ಬಾಯಲ್ಲೂ ಗಂಟೆಯಜ್ಜಿ, ಚರ್ಚಿನ ಹಿಂದಿನ ಕೋಣೆಯಲ್ಲಿ ಒಂಟಿಯಾಗಿದ್ದಳು. ಅವಳ ಬಗ್ಗೆ ಪಾದ್ರಿಯವರು ಒಮ್ಮೆ ‘ಇರಲಿ ಬಿಡು’ ಅಂದಿದ್ದರೋ, ‘ನೋಡೋಣ ಬಿಡು’ ಅಂದಿದ್ದರೋ, ಟೈಪಿಸ್ಟಿಗೆ ಈಗ ಖಚಿತವಿಲ್ಲ. ಚರ್ಚಿನ ಸಮಿತಿಯವರು ಕೋಣೆ ಖಾಲಿ ಮಾಡಿಸುವ ಮಾತೆತ್ತಿದ ದಿನ ಆ ಹಾಳೆ ಟೈಪ್‌ರೈಟರಿಗೆ ಏರಿತು. ಪಾದ್ರಿಯವರು ಬದುಕಿದ್ದಾಗಿನ ತಾರೀಖು ಹಾಕಿ, ಅಜ್ಜಿ ಬದುಕಿರುವತನಕ ಕೋಣೆ ಅವಳದೇ ಎಂದು ಬರೆದಳು. ಅಷ್ಟೇ ಆದರೆ ಒಣಒಣ ಕಂಡೀತೆಂದು ಕೊನೆಗೊಂದು ಸಾಲು ಸೇರಿಸಿದಳು: ‘ನನ್ನ ಕನ್ನಡಕದ ಡಬ್ಬಿ ಅಜ್ಜಿಯ ಕಿಟಕಿಯಲ್ಲಿ ಉಳಿದಿದೆ, ತರಿಸಿಕೊಡಿ.’

ಆ ಉಪಾಯ ಅವಳು ಓದುತ್ತಿದ್ದ ಸಂಜೆ ಕಾಲೇಜಿನದು. ಯೇಸುವಿನ ಸಂದೇಶ ಸಾರಿದ ಅಪೊಸ್ತಲರ ಹೆಸರಿಟ್ಟು ಬೇರೆಯವರು ಬರೆದ ಪತ್ರಗಳ ಪಾಠ ಅಲ್ಲಿ ನಡೆದಿತ್ತು.

“ಒಂದು ಪತ್ರದಲ್ಲಿ, ಬಿಟ್ಟು ಬಂದ ಮೇಲಂಗಿ ತಗೊಂಡು ಬಾ ಅಂತಾನೆ ಒಬ್ಬ ಅಪೊಸ್ತಲ,” ಎಂದಿದ್ದರು ಮೇಷ್ಟ್ರು. “ಅಂಗಿ ವಿಷಯ ಓದಿದ್ಮೇಲೆ ಯಾರಿಗೆ ಅನುಮಾನ ಬರುತ್ತೆ? ಆದ್ರೂ ಅದು ಅವನ ಪತ್ರ ಅಲ್ಲ ಅಂತ ಬಹಳ ಪಂಡಿತರು ಹೇಳ್ತಾರೆ.”

“ತಮ್ಮ ಹೆಸರಲ್ಲೇ ಬರೀಬಹುದಿತ್ತಲ್ಲ ಸಾರ್?” ಹಿಂದಿನ ಬೆಂಚಿನ ಪ್ಲಂಬರ್ ಕೇಳಿದ್ದ.

“ನಿನ್ನ ಹೆಸರಲ್ಲಿ ಬರೆದ್ರೆ ನಿನ್ನ ಹೆಂಡ್ತೀನೂ ಓದಲ್ಲಪ್ಪ.”

ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು.

ಪಾದ್ರಿಯವರ ಡ್ರಾಯರಿನಲ್ಲಿ ಸಿಕ್ಕಿತೆಂದು ಅವಳು ಪತ್ರವನ್ನು ಸಮಿತಿಗೆ ಕೊಟ್ಟ ಮೇಲೆ, ಮುಂದಿನ ವಾರದ ತರಗತಿಯಲ್ಲಿ ಅವಳಿಗೆ ನಗು ಬರಲಿಲ್ಲ. ಅವತ್ತಿನ ಪಾಠದಲ್ಲಿ, ಬಹಳ ಹಿಂದಿನ ಕಾಲದಲ್ಲಿ ಅಪೊಸ್ತಲನ ಬಗ್ಗೆ ಕಥೆ ಕಟ್ಟಿ ಸಿಕ್ಕಿಬಿದ್ದ ಚರ್ಚಿನ ಒಬ್ಬ ಸಭಾಹಿರಿಯ, ಅವನ ಮೇಲಿನ ಪ್ರೀತಿಯಿಂದ ಬರೆದೆ ಎಂದು ಒಪ್ಪಿಕೊಂಡನಂತೆ.

“ಬಿಟ್ಟುಬಿಟ್ರಾ ಸಾರ್?” ಎಂದು ಅವಳೇ ಕೇಳಿದಳು.

“ಎಲ್ಲಿ ಬಿಡ್ತಾರಮ್ಮ? ಹುದ್ದೆ ಹೋಯ್ತಂತೆ.”

ಶುಕ್ರವಾರ ಸಮಿತಿಯ ಅಧ್ಯಕ್ಷರು ಆ ಪತ್ರವನ್ನೇ ತಂದು ಅವಳ ಮೇಜಿನ ಮೇಲಿಟ್ಟರು. “ಇದು ಅವರದಲ್ಲ ಅಂತ ಇಬ್ಬರು ತಕರಾರು ತೆಗೆದಿದಾರೆ. ಸುಳ್ಳು ಪತ್ರ ಹಿಡಿಯೋದು ಕಲ್ತಿರೋಳು ನೀನೊಬ್ಬಳೇ. ಪರೀಕ್ಷೆ ಮಾಡಿ ಸೋಮವಾರ ಬರೆದುಕೊಡು.”

“ನಾನಾ ಸಾರ್? ನಂಗೇನು ಗೊತ್ತಾಗುತ್ತೆ?”

“ಅಷ್ಟೇನೂ ಕಷ್ಟ ಇಲ್ಲಮ್ಮ. ಡಬ್ಬಿ ಸಿಕ್ಕರೆ ಪತ್ರ ನಿಜ. ಅದೊಂದು ಸಿಗ್ತಿಲ್ಲ. ಅಜ್ಜಿ ಏನಾದ್ರೂ ಎತ್ತಿಟ್ಕೊಂಡ್ಳಾ ಅಂತಾನೂ ಕೆಲವರಿಗೆ ಅನುಮಾನ.”

ಅವಳು ಕೋಣೆಗೆ ಓಡಿದಳು. ಹಾಸಿಗೆ ಮಗುಚಿ ಬಿದ್ದಿತ್ತು. ಒಲೆಯ ಪಕ್ಕದ ಡಬ್ಬಗಳೆಲ್ಲ ನೆಲದ ಮೇಲೆ ಬಾಯಿ ತೆರೆದುಕೊಂಡಿದ್ದವು. ಅಜ್ಜಿ ಮಂಚದಡಿಯಿಂದ ತೆವಳಿಕೊಂಡು ಹೊರಬಂದಳು.

“ಮೂರು ದಿನದಿಂದ ಹುಡುಕ್ತಿದೀನಿ ಮಗಳೇ. ಅಯ್ಯನೋರು ಬರೆದಿದಾರೆ ಅಂದ್ಮೇಲೆ ಇಲ್ಲೇ ಇರ್ಬೇಕು. ಈ ವಯಸ್ಸಲ್ಲಿ ಕಳ್ಳಿ ಅನ್ನಿಸ್ಕೊಂಡೆನಲ್ಲ.”

ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಿಜ ಹೇಳಿದರೆ ಅಜ್ಜಿಯ ಕೋಣೆ ಹೋಗುತ್ತದೆ, ಹೇಳದಿದ್ದರೆ ಮಾನ. ಟೈಪಿಸ್ಟ್ ಬೆನ್ನು ತಿರುಗಿಸಿ ನಿಂತು, ಚೀಲದಲ್ಲಿದ್ದ ತನ್ನದೇ ಕಪ್ಪು ಡಬ್ಬಿಯಿಂದ ಕನ್ನಡಕ ತೆಗೆದುಕೊಂಡು, ಡಬ್ಬಿಯನ್ನು ಕಪಾಟಿನ ಹಿಂದಕ್ಕೆ ಜಾರಿಸಿ, ಆಗಷ್ಟೇ ಸಿಕ್ಕಿತೆಂಬಂತೆ ಹೊರತೆಗೆದಳು.

“ಅಜ್ಜೀ, ಇದೇನಾ ನೋಡಿ.”

ಅಜ್ಜಿ ಅದನ್ನು ಸೆರಗಿನಿಂದ ಒರೆಸಿ ಕಣ್ಣಿಗೊತ್ತಿಕೊಂಡಳು. “ಇದೇ. ಈಗ ನೆನಪಾಯ್ತು ನೋಡು. ಅವತ್ತು ಇಲ್ಲೇ, ಈ ಸ್ಟೂಲ್ ಮೇಲೆ ಕೂತಿದ್ರು. ನೀರು ಕೇಳಿದ್ರು.”

ಸೋಮವಾರ ಟೈಪಿಸ್ಟ್ ‘ಪತ್ರ ಪಾದ್ರಿಯವರದೇ’ ಎಂದು ಬರೆದುಕೊಟ್ಟಳು. ಆ ಆಫೀಸಿನ ಹಾಳೆಯ ಮೇಲೆ ಅವಳು ತನ್ನ ಹೆಸರಿನಲ್ಲಿ ಹಾಕಿದ ಮೊದಲ ಸಹಿ ಅದು.

ಪತ್ರವನ್ನೂ ಡಬ್ಬಿಯನ್ನೂ ಗಾಜಿನ ಕಪಾಟಿನಲ್ಲಿಟ್ಟು, ಅಧ್ಯಕ್ಷರು ಅದನ್ನು ಅವಳ ಮೇಜಿನ ಎದುರಿಗೇ ನಿಲ್ಲಿಸಿದರು. “ಒಂದು ಕಣ್ಣಿಟ್ಟಿರಮ್ಮ.”

ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಜನ ನೋಡಲು ಬರುತ್ತಾರೆ. ಅಜ್ಜಿ ಕಪಾಟಿನ ಪಕ್ಕ ನಿಂತು ಕಥೆ ಹೇಳುತ್ತಾಳೆ. ಮೊದಲ ವಾರ ಪಾದ್ರಿಯವರು ನೀರಷ್ಟೇ ಕುಡಿದಿದ್ದರು. ಈಗ ಅವಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ, ಮಾತೂ ಆಡುತ್ತಾರೆ. ಕಥೆ ಮುಗಿಯುವಾಗ ಅಜ್ಜಿ ಮೇಜಿನ ಕಡೆ ತಿರುಗುತ್ತಾಳೆ.

“ಅವತ್ತು ನೀನೂ ಜೊತೆಗೆ ಬಂದಿದ್ದೆ ಅಲ್ವಾ ಮಗಳೇ?”

ಚೀಲದಲ್ಲಿ ಡಬ್ಬಿಯಿಲ್ಲದೆ ಬಿದ್ದು ಗೀರುಗೀರಾದ ಕನ್ನಡಕವನ್ನು ಟೈಪಿಸ್ಟ್ ಮೂಗಿಗೇರಿಸುತ್ತಾಳೆ.

“ಹೌದು ಅಜ್ಜಿ. ಬಂದಿದ್ದೆ.”