ತಂದೆಯ ಹೆಸರಿನ ಕಾಲಂ

ಟೈಲರಮ್ಮನಿಗೆ ಮೂರು ದಿನದಿಂದ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಕಣ್ಣು ಚೆನ್ನಾಗಿಯೇ ಇತ್ತು, ಗಮನವೆಲ್ಲ ಒಳಗಿತ್ತು. ಒಳಕೋಣೆಯ ಮಂಚದ ಮೇಲೆ ಎಂಬತ್ತೆರಡು ವರ್ಷದ ಅಮ್ಮ ಮಲಗಿದ್ದಳು. ಹೆಚ್ಚೆಂದರೆ ಇನ್ನೊಂದು ತಿಂಗಳು ಎಂದು ಡಾಕ್ಟರು ಹೇಳಿ ಹೋಗಿದ್ದರು. ಪುಣ್ಯಾತ್ಗಿತ್ತಿಗೆ ಸಾವಿನ ಭಯವೇ ಇರಲಿಲ್ಲ. ಇದ್ದಬದ್ದ ಭಯವನ್ನೆಲ್ಲ ಮಗಳ ತಲೆಗೆ ಕಟ್ಟಿ ಹಾಯಾಗಿದ್ದಳು. ಗಂಡ ಹಡಗಿನ ಕೆಲಸಕ್ಕೆ ಹೋಗಿ ಸಮುದ್ರದ ಪಾಲಾಗಿದ್ದ, ಅವನ ಪಕ್ಕ ಮಲಗುವ ಮಾತಿಲ್ಲ. ಹಾಗಾಗಿ ಅವಳದು ಒಂದೇ ಹಟ: ಚರ್ಚಿನ ಹಿಂದಿನ ಹಳೇ ಸಿಮೆಟ್ರಿಯಲ್ಲಿ, ತನ್ನ ಅಪ್ಪ ಕಾಂಪೌಂಡರನ ಪಕ್ಕದಲ್ಲಿ ತನ್ನನ್ನು ಮಣ್ಣು ಮಾಡಬೇಕು.

ಆ ಜಾಗ ಕಾಂಪೌಂಡರನ ತಂದೆ ಡೀಕನ್ನರ ಹೆಸರಿನಲ್ಲಿತ್ತು. ಪರದೇಶದವರು ಆಳುತ್ತಿದ್ದ ಕಾಲದಲ್ಲಿ ಬಿಳಿ ಪಾದ್ರಿಗೆ ಬಲಗೈಯಾಗಿದ್ದವರು ಅವರು. ದೀಕ್ಷಾಸ್ನಾನ, ಮದುವೆ, ಸಾವು ಎಲ್ಲವನ್ನೂ ದಪ್ಪ ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ಅವರ ಜಾಗದಲ್ಲಿ ಇನ್ನೊಬ್ಬರಿಗೆ ಸ್ಥಳವಿತ್ತು. ಆದರೆ ಈಗಿನ ಸಮಿತಿ ಹೊಸ ನಿಯಮ ಮಾಡಿತ್ತು: ಜಾಗ ಯಾರ ಹೆಸರಿನಲ್ಲಿದೆಯೋ ಅವರ ರಕ್ತಸಂಬಂಧಿಗಳಿಗೆ ಮಾತ್ರ. ಉಳಿದವರೆಲ್ಲ ಊರಾಚೆಯ ಹೊಸ ಸಿಮೆಟ್ರಿಗೆ. ಭಾನುವಾರದ ಸಭೆಗೆ ದಾಖಲೆ ತನ್ನಿ ಎಂದಿದ್ದರು ಕಾರ್ಯದರ್ಶಿ, ನಿವೃತ್ತ ಹೆಡ್‌ಮೇಷ್ಟ್ರು. ದೇವರು ವರ ಕೊಟ್ಟರೂ ಪೂಜಾರಿ ಬಿಡ ಅಂತಾರಲ್ಲ, ಚರ್ಚಿನಲ್ಲೂ ಅದೇ ಕತೆ.

ಶುಕ್ರವಾರ ಬೆಳಿಗ್ಗೆ ಚರ್ಚಿನ ಗುಮಾಸ್ತ ಕಬ್ಬಿಣದ ಬೀರು ತೆಗೆದು ರಿಜಿಸ್ಟರುಗಳನ್ನು ಟೈಲರಮ್ಮನ ಮುಂದೆ ಮೇಜಿನ ಮೇಲಿಟ್ಟ. ಧೂಳಿಗೆ ಇಬ್ಬರೂ ಸೀನಿದರು. ಅಮ್ಮನ ಪುಟ ಬೇಗ ಸಿಕ್ಕಿತು, ತಂದೆ ಕಾಂಪೌಂಡರ್. ಮಧ್ಯಾಹ್ನದ ಹೊತ್ತಿಗೆ ಕಾಂಪೌಂಡರನ ಹೆಸರೂ ಸಿಕ್ಕಿತು: ತಂದೆ, ಡೀಕನ್. ಟೈಲರಮ್ಮನಿಗೆ ಹೋದ ಜೀವ ಬಂದಂತಾಯಿತು. ಗುಮಾಸ್ತ ನಕಲು ಬರೆಯಲು ಪೆನ್ನು ತೆಗೆದವನು ಹಾಗೇ ನಿಂತುಬಿಟ್ಟ. ಹೆಸರಿನ ಪಕ್ಕ, ಅಂಚಿನಲ್ಲಿ, ಪುಟ್ಟದೊಂದು ಶಿಲುಬೆಯ ಗುರುತಿತ್ತು.

"ಸತ್ತವರಿಗೆ ಹಾಕೋ ಗುರುತಮ್ಮಾ ಇದು" ಎಂದ.

ಸಾವಿನ ರಿಜಿಸ್ಟರು ತೆಗೆದರು. ಡೀಕನ್ನರ ಮಗ ನಾಲ್ಕು ತಿಂಗಳಿಗೇ ತೀರಿಕೊಂಡಿದ್ದ. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಮತ್ತೆರಡು ಪುಟ ತಿರುವಿದರೆ, ಅದೇ ಕೈಬರಹದಲ್ಲಿ ಅದೇ ಹೆಸರಿನ ಇನ್ನೊಂದು ಮಗು. "ತಂದೆ: ಗೊತ್ತಿಲ್ಲ. ತಾಯಿ: ಗೊತ್ತಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕಿತು. ನಾನು ಸಾಕುತ್ತೇನೆ." ಕೆಳಗೆ ಡೀಕನ್ನರ ಸಹಿ.

ಟೈಲರಮ್ಮ ಕುರ್ಚಿ ಹುಡುಕಿ ಕೂತಳು. ಜಾಗ ಹೋಯಿತಲ್ಲ ಎಂಬುದು ಒಂದು ಸಂಕಟ. ಅಮ್ಮನಿಗೆ ಗೊತ್ತಾದರೆ? ತಾನು ಡೀಕನ್ನರ ಮೊಮ್ಮಗಳು ಎಂದು ಎಂಬತ್ತೆರಡು ವರ್ಷ ತಲೆ ಎತ್ತಿ ನಡೆದವಳು ಈಗ ಸಾಯುವ ಹೊತ್ತಿನಲ್ಲಿ ಇದನ್ನು ಕೇಳಬೇಕೇ?

ಗುಮಾಸ್ತ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಮೊದಲನೇ ಪುಟದ ನಕಲು ಕೊಟ್ಬಿಡ್ತೀನಿ. ಹೆಸರು ಅದೇ ತಾನೇ? ನಾನೇನೂ ಸುಳ್ಳು ಬರೆದಂಗಾಗಲ್ಲ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಅವಳು ಬೇಡ ಎನ್ನಲಿಲ್ಲ. ನಕಲನ್ನು ಮಡಚಿ ಚೀಲದ ತಳಕ್ಕೆ ತುರುಕಿ ಹೊರಟಳು. ದಾರಿಯಲ್ಲಿ ಹೆಡ್‌ಮೇಷ್ಟ್ರು ಎದುರಾಗಿ "ಸಿಕ್ತೇನಮ್ಮಾ?" ಎಂದರೆ ಅವಳ ಕೈ ತಾನಾಗಿ ಚೀಲದ ಬಾಯಿ ಮುಚ್ಚಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಅರ್ಜಿಗೆ ಅಮ್ಮನ ಸಹಿ ಬೇಕಿತ್ತು. ಶನಿವಾರ ಗಂಜಿ ಕುಡಿಸಿದ ಮೇಲೆ ಕಾಗದ ಮುಂದಿಟ್ಟಳು. "ಇಲ್ಲೊಂದು ಸಹಿ ಹಾಕಮ್ಮ. ಸುಮ್ನೆ ಫಾರಂ ಅಷ್ಟೇ."

ಸುಮ್ಮನೆ ಸಹಿ ಹಾಕುವ ಜಾತಿಯೇ ಅದು? ಕನ್ನಡಕ ತರಿಸಿಕೊಂಡಳು. ಅರ್ಜಿ ಓದಿದಳು, ಅದಕ್ಕೆ ಪಿನ್ನು ಹೊಡೆದಿದ್ದ ನಕಲನ್ನೂ ಓದಿದಳು.

"ಇದು ನಮ್ಮಪ್ಪ ಅಲ್ಲ" ಎಂದಳು ಅಮ್ಮ. "ಇದು ಆ ಸತ್ತೋದ ಮಗು."

"ನಿಂಗೆ... ನಿಂಗೆ ಗೊತ್ತಿತ್ತಾ?"

"ನನ್ನ ಮದ್ವೆ ಹಿಂದಿನ ದಿನ ಅಪ್ಪನೇ ಹೇಳಿದ್ರು. ಯಾರ ಮುಂದೇನೂ ಬಾಯಿ ಬಿಡಲ್ಲ ಅಂತ ಆಣೆ ಹಾಕಿಸ್ಕೊಂಡ್ರು. ಹೇಳ್ತಾ ಹೇಳ್ತಾ ಬೆವರಿ ಹೋಗಿದ್ರು ಕಣೇ. ಚರ್ಚಲ್ಲಿ ಯಾರಾದ್ರೂ ಆ ಬೀರು ಬಾಗಿಲು ತೆಗೆದ್ರೆ ಸಾಕು, ಅವರ ಮುಖ ಸುಣ್ಣ ಆಗೋದು. ನಾನೇ ಎಷ್ಟು ಸಲ ನೋಡಿದೀನಿ."

"ಹಾಗಾದ್ರೆ ಇದೇ ಇರ್ಲಿ ಬಿಡಮ್ಮ. ಅವರ ಆಣೆನೂ ಉಳೀತದೆ, ನಿಂಗೆ ಜಾಗನೂ ಸಿಗ್ತದೆ."

ಅಮ್ಮ ಪೆನ್ನು ಕೆಳಗಿಟ್ಟಳು. "ಡೀಕನ್ನರ ಕೈಯಲ್ಲೇ ಪೆನ್ನಿತ್ತು. ತಂದೆ ಅನ್ನೋ ಕಡೆ ತಮ್ಮ ಹೆಸರು ಬರ್ಕೊಂಡಿದ್ರೆ ಯಾರು ಕೇಳೋರು? ಬರ್ಕೊಳ್ಲಿಲ್ಲ. ಅವರ ಪಕ್ಕಕ್ಕೆ ನಾನು ಕಳ್ಳದಾರೀಲಿ ಹೋಗ್ಲಾ? ಹೋಗು, ಸರಿಯಾದ ಪುಟ ತಗೊಂಬಾ. ಆಣೆ ಮುರಿದ ಪಾಪ ನಂಗಿರ್ಲಿ."

ಭಾನುವಾರ ಆರಾಧನೆ ಮುಗಿದ ಮೇಲೆ ಸಮಿತಿಯ ಐವರು ಉದ್ದನೆಯ ಮೇಜಿಗೆ ಕೂತರು. ಹೆಡ್‌ಮೇಷ್ಟ್ರು ಸರಿಯಾದ ಪುಟದ ನಕಲನ್ನು ಎತ್ತಿಕೊಂಡು, ಪಾಠ ಓದುವ ದನಿಯಲ್ಲಿ ಮೊದಲಿಂದ ಕೊನೆಯವರೆಗೆ ಓದಿದರು. ಟೈಲರಮ್ಮ ನೆಲ ನೋಡುತ್ತಾ ನಿಂತಿದ್ದಳು. ಪಾದ್ರಿ "ಸಾಕಿದ ಮಗನೂ ಮಗನೇ ಅಲ್ವಾ?" ಎಂದು ವಾದಿಸಿದರು. ಹೆಡ್‌ಮೇಷ್ಟ್ರು ನಿಯಮದ ಪುಸ್ತಕ ತೆಗೆದರು. ಕೈ ಎತ್ತಿಸಿದರು. ಕೊಡಬಹುದು ಎಂದವರು ಇಬ್ಬರು, ಕೂಡದು ಎಂದವರು ಮೂವರು.

ಮನೆಗೆ ಹತ್ತು ನಿಮಿಷದ ದಾರಿ. ಅವಳು ಒಂದು ಗಂಟೆ ಸುತ್ತಿದಳು. ಏನಂತ ಹೇಳುವುದು, ಯಾವ ಬಾಯಲ್ಲಿ ಹೇಳುವುದು? ಮುಂದಿನ ವಾರ ಮತ್ತೆ ಕೇಳೋಣ ಎನ್ನಲೇ? ಬಾಗಿಲು ನೂಕಿ ಒಳಗೆ ಹೋದಾಗ ಅಮ್ಮ ದಿಂಬಿಗೊರಗಿ ಕೂತು ಬಾಗಿಲನ್ನೇ ನೋಡುತ್ತಿದ್ದಳು.

"ಕೊಡಲಿಲ್ಲ ಅಮ್ಮ" ಎಂದಳು, ಚಪ್ಪಲಿಯನ್ನೂ ಬಿಡದೆ.

"ಓದಿದ್ರಾ?"

"ಓದಿದ್ರು."

"ಜೋರಾಗಿ? ಎಲ್ಲರ ಎದುರಿಗೆ?"

"ಹೂಂ. ಮೆಟ್ಟಿಲ ಮೇಲೆ ಸಿಕ್ಕಿತು ಅನ್ನೋದೂ ಓದಿದ್ರು."

"ಯಾರಾದ್ರೂ ನಕ್ರಾ?"

ಟೈಲರಮ್ಮ ನೆನಪು ಮಾಡಿಕೊಂಡಳು. "ಇಲ್ಲಮ್ಮ. ಯಾರೂ ನಗಲಿಲ್ಲ. 'ನಾನು ಸಾಕುತ್ತೇನೆ' ಅಂತ ಓದೋವಾಗ ಮೇಷ್ಟ್ರೇ ಒಂದು ಸಲ ತಡವರಿಸಿದ್ರು."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಷ್ಟೇನಾ? ಇಷ್ಟಕ್ಕೇ ನಮ್ಮಪ್ಪ ಆಯಸ್ಸು ಪೂರ್ತಿ ಹೆದರಿ ಸತ್ರಲ್ಲೇ" ಎಂದಳು. "ಬಾ, ಕೂತ್ಕೋ. ನನ್ನನ್ನ ಎಲ್ಲಿಗೆ ಹಾಕಿದ್ರೂ ನಡೀತದೆ."